ಮೋಟಾರು ಸೈಕಲ್ಲಿನ ಸದ್ದೂ ಮಲೆನಾಡಿನ ದಾರಿಯೂ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೋಟಾರು ಸೈಕಲ್ಲಿನ ಕಾರ್ಖಾನೆಯೊಂದಿದ್ದಿತು. ಮೊದಲು ಜಾವಾ ಎಂದೂ ಅನಂತರ ಯೆಜ್ಡಿ ಎಂದೂ ಹೆಸರು ಪಡೆದ ಅಲ್ಲಿನ ವಾಹನಗಳ ಸದ್ದನ್ನು ಕೇಳದೆ ಬೆಳೆದವರು ನನ್ನ ವಯಸ್ಸಿನ ಮೈಸೂರಿಗರಲ್ಲಿ ವಿರಳ. ಸಂಸ್ಕೃತದ ಉಪಾಧ್ಯಾಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಳೆಯ ಯೆಜ್ಡಿಯೊಂದನ್ನು ಕೊಂಡಿದ್ದೆನು. ಶಾಲೆಯ ತಿರುವಿನಲ್ಲಿ ಅದರ ಸದ್ದು ಕೇಳಿಸುತ್ತಲೇ, ಗಲಾಟೆಯಲ್ಲಿದ್ದ ಹುಡುಗರು ಶಬ್ದಮಂಜರಿಯನ್ನು ತೆರೆದು ಸಾಧುಗಳಂತೆ ಕುಳಿತುಬಿಡುತ್ತಿದ್ದರಂತೆ!

ನಿವೃತ್ತನಾದ ಮೇಲೆ ದೂರಪ್ರವಾಸಕ್ಕೆಂದು 350 ಸಿ.ಸಿ.ಯ ಹೊಸ ವಾಹನವನ್ನು ತೆಗೆದುಕೊಂಡೆನು. ವಾಹನವೇನೋ ಉತ್ತಮವಾದುದೇ, ಆದರೆ ಅದರ ಮೆಲುದನಿಯು ನನ್ನ ಕಿವಿಗೆ ಸಾಲದಾಯಿತು. ಮಾಘಮಾಸದಲ್ಲಿ ಶೃಂಗೇರಿ, ಆಗುಂಬೆಗಳ ಯಾತ್ರೆಗೆ ಹೊರಡುವುದಕ್ಕೆ ಮೊದಲು ಬೇರೊಂದು ಸೈಲೆನ್ಸರನ್ನು ಹಾಕಿಸಬೇಕೆಂದು ಸಂಕಲ್ಪಿಸಿ ಬೆಂಗಳೂರಿಗೆ ಹೋದೆನು.

ಪುರಭವನದ ಬಳಿಯಿಂದ ದಕ್ಷಿಣಕ್ಕೆ ಸಾಗುವ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಅಂಗಡಿಯಲ್ಲಿ ಹೊಳೆಹೊಳೆಯುವ ಕೊಳವೆಗಳು ತೂಗಾಡುತ್ತಿದ್ದವು. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಿಂಬದಿಯ ಸೈಲೆನ್ಸರನ್ನು ಮಾತ್ರ ಬದಲಿಸುವುದು ಒಂದು. ಎಂಜಿನ್ನಿನ ತಲೆಯಿಂದ ಹೊರಡುವ ಬಾಗುಕೊಳವೆಯ ಸಹಿತ ಎಲ್ಲವನ್ನೂ ಬದಲಿಸುವುದು ಇನ್ನೊಂದು. ಎರಡನೆಯದರಲ್ಲಿ ಅಪಾಯ ಹೆಚ್ಚು. ಹೊಗೆಯಲ್ಲಿನ ವಿಷವನ್ನು ತಗ್ಗಿಸುವ ಪರಿವರ್ತಕವು ಅನೇಕ ವಾಹನಗಳಲ್ಲಿ ಆ ಕೊಳವೆಯೊಳಗೇ ಇರುವುದರಿಂದ, ಕೊಳವೆಯೊಂದಿಗೆ ಅದನ್ನೂ ಕಳೆದುಕೊಂಡಂತಾಗುವುದು. ಆಮ್ಲಜನಕವನ್ನು ಅಳೆಯುವ ಸೂಕ್ಷ್ಮೋಪಕರಣಕ್ಕೆ ತಕ್ಕ ಸ್ಥಾನವಿಲ್ಲದಿದ್ದರೆ ಪೆಟ್ರೋಲಿನ ಮಿಶ್ರಣವೂ ಕೆಡುವುದು.

ಸೈಲೆನ್ಸರಿನ ಒಳಗುಟ್ಟನ್ನೂ ಅಲ್ಲಿಯೇ ತಿಳಿದುಕೊಂಡೆನು. ಕೆಲವುಗಳೊಳಗೆ ರಂಧ್ರಗಳುಳ್ಳ ಅಡ್ಡಗೋಡೆಗಳಿದ್ದು, ಶಬ್ದದ ಅಲೆಗಳು ಅವುಗಳಿಗೆ ಬಡಿದು ಹಿಂದಿರುಗಿ ಒಂದನ್ನೊಂದು ತಗ್ಗಿಸುತ್ತವೆ. ಮತ್ತೆ ಕೆಲವುಗಳಲ್ಲಿ ರಂಧ್ರಮಯವಾದ ನೇರ ಕೊಳವೆಗೆ ಗಾಜಿನ ನಾರಿನ ಹೊದಿಕೆಯಿದ್ದು, ಅದು ಶಬ್ದವನ್ನು ಹೀರುವುದು. ನಾನು ಆರಿಸಿದುದು ಎರಡನೆಯ ಜಾತಿಯದು. ಅದರ ಬಾಯಿಯಲ್ಲಿ ಸದ್ದನ್ನು ತಗ್ಗಿಸುವ ಕಿರುಕೊಳವೆಯೊಂದಿದ್ದು, ಒಂದು ತಿರುಪನ್ನು ಬಿಚ್ಚಿದರೆ ಹೊರಬರುತ್ತಿದ್ದಿತು.

ಮೈಸೂರಿನಲ್ಲಿ ಅದನ್ನು ಜೋಡಿಸಿದವನು ನನ್ನ ಹಳೆಯ ಶಿಷ್ಯ. ತರಗತಿಯಲ್ಲಿ ವಿಭಕ್ತಿಗಳನ್ನು ತಪ್ಪುತ್ತಿದ್ದವನ ಕೈಗೆಲಸದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ. ಎಂಜಿನ್ನು ಪೂರ್ತಿಯಾಗಿ ತಣ್ಣಗಾಗುವವರೆಗೆ ಕಾದನು. ಕೀಲಿನಲ್ಲಿದ್ದ ಹಳೆಯ ಗ್ಯಾಸ್ಕೆಟ್ಟನ್ನು ತೆಗೆದು ಹೊಸದನ್ನಿಟ್ಟನು. ನಟ್ಟುಗಳನ್ನೆಲ್ಲ ಮೊದಲು ಬೆರಳಿನಿಂದಷ್ಟೇ ತಿರುಗಿಸಿ, ಸೈಲೆನ್ಸರು ತನ್ನ ಸ್ಥಾನದಲ್ಲಿ ಸಹಜವಾಗಿ ಕುಳಿತ ಮೇಲೆ, ಎಂಜಿನ್ನಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದನು. ಬಲಾತ್ಕಾರವಾಗಿ ಎಳೆದು ಬಿಗಿದರೆ ಅದುರಿ ಅದುರಿ ಹಿಡಿಕೆಯೇ ಸೀಳುವುದಂತೆ. ಬೆರಳಿನ ಜಿಡ್ಡನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದನು; ಒರೆಸದಿದ್ದರೆ ಕಾದ ಲೋಹದಲ್ಲಿ ಆ ಗುರುತು ಅಚ್ಚಾಗಿ ಉಳಿಯುವುದು. ನೂರು ಕಿಲೋಮೀಟರು ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಬೇಕೆಂದೂ ಹೇಳಿದನು.

"ಆ ಕಿರುಕೊಳವೆಯನ್ನೂ ತೆಗೆದುಬಿಡಪ್ಪಾ" ಎಂದೆನು.

"ಬೇಡಿ ಮೇಷ್ಟ್ರೇ, ಬೀದಿಯವರೆಲ್ಲ ಎದ್ದುಬಿಡುತ್ತಾರೆ" ಎಂದನು. ನಾನು ಕೇಳಲಿಲ್ಲ. ಅದನ್ನು ಮನೆಯ ಮೇಜಿನ ಮೇಲಿಟ್ಟು ಯಾತ್ರೆಗೆ ಹೊರಟೆನು.

ಹಾಸನದವರೆಗೆ ನನ್ನ ಆನಂದಕ್ಕೆ ಪಾರವಿರಲಿಲ್ಲ. ಬೇಲೂರನ್ನು ದಾಟುವ ವೇಳೆಗೆ ಒಂದೇ ವೇಗದಲ್ಲಿ ಮೊರೆಯುವ ಆ ನಾದವು ತಲೆಯನ್ನು ಕೊರೆಯತೊಡಗಿತು. ಚಿಕ್ಕಮಗಳೂರಿನಲ್ಲಿ ತಂಗಿ, ಮರುದಿನ ಆಲ್ದೂರಿನ ಕಾಫಿತೋಟಗಳ ನಡುವೆ ಸಾಗಿದಾಗ ಹಕ್ಕಿಯ ದನಿಯೊಂದೂ ಕಿವಿಗೆ ಬೀಳಲಿಲ್ಲ. ಬಿದ್ದುದು ನನ್ನ ದನಿ ಮಾತ್ರ.

ಬಾಳೆಹೊನ್ನೂರನ್ನು ಬಿಟ್ಟು ಜಯಪುರದ ಕಡೆಗೆ ಹೋಗುತ್ತಿರಲು ಬಟ್ಟೆ ಸುಟ್ಟ ವಾಸನೆ ಬಂದಿತು. ಇಳಿದು ನೋಡಿದರೆ, ಪಕ್ಕಕ್ಕೆ ತೂಗುಬಿಟ್ಟಿದ್ದ ಚೀಲವು ಹೊಸ ಸೈಲೆನ್ಸರಿಗೆ ತಗುಲಿ ಕರಿದಾಗಿದ್ದಿತು. ಹಳೆಯದಕ್ಕಿದ್ದ ಶಾಖರಕ್ಷಕ ತಗಡು ಇದಕ್ಕಿರಲಿಲ್ಲ. ಚೀಲವನ್ನು ಮೇಲಕ್ಕೆ ಕಟ್ಟಿ ಎಂಜಿನ್ನನ್ನು ಹೊರಡಿಸಿದೆನು. ಆಗಲೇ ರಸ್ತೆಯ ಬದಿಯಲ್ಲಿದ್ದ ಸಣ್ಣ ಶಾಲೆಯು ಕಣ್ಣಿಗೆ ಬಿದ್ದಿತು. ಕಿಟಕಿಯ ತುಂಬ ಮಕ್ಕಳ ಮುಖಗಳು. ಬಾಗಿಲಲ್ಲಿ ಸೀಮೆಸುಣ್ಣವನ್ನು ಹಿಡಿದ ತರುಣ ಉಪಾಧ್ಯಾಯಿನಿ.

"ಅವಸರವಿಲ್ಲ, ಸರಿಮಾಡಿಕೊಂಡು ಹೊರಡಿ ಸಾರ್. ನೀವು ಹೋದ ಮೇಲೆ ಪಾಠ ಮುಂದುವರಿಸುತ್ತೇನೆ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ.

ವಾಚಕರೇ, ಲಾರಿಗಳು ಹಾದುಹೋಗುವವರೆಗೆ ಅರ್ಧ ಹೇಳಿದ ಶ್ಲೋಕವನ್ನು ಬಾಯಲ್ಲಿಟ್ಟುಕೊಂಡು ನಾನೂ ಎಷ್ಟೋ ವರ್ಷ ಹಾಗೆಯೇ ನಿಂತವನು. ಎಂಜಿನ್ನನ್ನು ಆರಿಸಿದೆನು, ಮುಂದಿನ ತಿರುವಿನವರೆಗೆ ಬೆವರು ಸುರಿಸುತ್ತ ವಾಹನವನ್ನು ತಳ್ಳಿಕೊಂಡು ಹೋದೆನು. ಹಿಂದಿನಿಂದ ಮಗ್ಗಿಯ ಕಂಠಪಾಠವು ಮತ್ತೆ ಕೇಳಿಸಿತು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಇದನ್ನೇ ಯೋಚಿಸಿದೆನು. ಶಬ್ದವು ಆಕಾಶದ ಗುಣವೆಂದು ತಾರ್ಕಿಕರ ಮತ; ನಾನೇ ಅದನ್ನು ಬಾಯಿಪಾಠ ಮಾಡಿಸಿದವನು. ಆಕಾಶವು ಸರ್ವರಿಗೂ ಒಂದೇ ಆದ ಮೇಲೆ ಸದ್ದು ನನ್ನೊಬ್ಬನ ಸೊತ್ತು ಹೇಗಾದೀತು? ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಆ ಸದ್ದಿನೊಡನೆ ಇಳಿಯಲು ಮನಸ್ಸಾಗಲಿಲ್ಲ. ಅಲ್ಲಿಂದಲೇ ಹಿಂದಿರುಗಿದೆನು. ಆ ದಿನ ಭಾನುವಾರವಾಗಿದ್ದು ಶಾಲೆಗೆ ಬೀಗ ಹಾಕಿದ್ದುದು ನನ್ನ ಪುಣ್ಯ.

ಶಿಷ್ಯನು ಹಳೆಯ ಸೈಲೆನ್ಸರನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದನು. ಕೇಳುವುದಕ್ಕೆ ಮೊದಲೇ ತೆಗೆದುಕೊಂಡು ಬಂದನು.

ಮಕ್ಕಳು ಇಂತಹ ಕೊಳವೆಯನ್ನು ಬೇಡಿದಾಗ ಗೃಹಸ್ಥರು ಕೆಲವು ವಿಷಯಗಳನ್ನು ನೆನಪಿಡಬೇಕು. ವಾಹನವನ್ನು ಮಾಡಿದವರೇ ಆ ಮಾದರಿಗೆಂದು ಒಪ್ಪಿ ಮಾರುವ ಸೈಲೆನ್ಸರನ್ನೇ ಕೊಳ್ಳುವುದು ಲೇಸು. ಒಳಗಿನ ಕಿರುಕೊಳವೆಯನ್ನು ತೆಗೆಯಿಸಬಾರದು. ಶಬ್ದದ ಮಿತಿಯನ್ನು ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೇ 10,000 ರೂಪಾಯಿಗಳವರೆಗೆ ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಉಂಟು. ಇವೆಲ್ಲಕ್ಕೂ ಮೊದಲು, ವಾಹನವನ್ನು ಬೇರೆಯವರಿಂದ ಓಡಿಸಿ, ತಾವು ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಅದರ ಸದ್ದನ್ನು ಕೇಳಲಿ. ಬರುವ ಮಾಘದಲ್ಲಿ ನಾನು ಮತ್ತೆ ಅದೇ ದಾರಿಯಲ್ಲಿ ಆಗುಂಬೆಗೆ ಹೋಗುವವನಿದ್ದೇನೆ, ಶಾಲೆಯಿರುವ ದಿನವೇ.