ಖಾಲಿ ಕಂಡಿಕೆಗಳು

ಬೆಂಗಳೂರಿನಿಂದ ಗುಳೇದಗುಡ್ಡದ ಅಜ್ಜನ ಮನೆಗೆ ಬಂದ ಮೂರು ವರ್ಷದ ಪೋರ, ಬಂದ ದಿನವೇ ತಾಯಿಯ ಮೊಬೈಲನ್ನು ನೀರಿನ ಹಂಡೆಯೊಳಗೆ ಬಿಟ್ಟನು. ಅದರಲ್ಲಿ ಕಾಣುವ ಮೀನಿಗೆ ನೀರು ಬೇಡವೇ ಎಂಬುದು ಅವನ ವಾದ. ವಾದವೇನೋ ನ್ಯಾಯವಾದುದೇ, ಆದರೆ ಮೊಬೈಲು ತೋರಿಸದ ಹೊರತು ತುತ್ತು ನುಂಗದ ಕೂಸು ಅದು. ಸಂಜೆಯ ಹೊತ್ತಿಗೆ ಅವನ ಅಳು ಓಣಿಯ ಕೊನೆಯವರೆಗೂ ಕೇಳಿಸುತ್ತಿತ್ತು.

ಆಡಿಸಲು ಬಿಡುವಿದ್ದವರು ಯಾರು? ಅಜ್ಜ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನು. ಖಣ ಇಳಿದರಷ್ಟೇ ಕೂಲಿ. ಮೊಮ್ಮಗನಿಗೆ ಕುದುರೆಯಾಗಿ ನಿಂತರೆ ಅಂದಿನ ಗಳಿಕೆಗೆ ಸಂಚಕಾರ. ವಿದ್ಯುತ್ ಮಗ್ಗಗಳು ಬಂದ ಮೇಲಂತೂ ಕೈಮಗ್ಗವನ್ನೇ ನೆಚ್ಚಿದವರ ಪಾಡು ಇನ್ನಷ್ಟು ಬಿಗಿ. ಅಜ್ಜಿ ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದಳು. ಅವಳು ಎದ್ದು ಬರಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಬರಿದಾದ ಕಂಡಿಕೆಗಳ ಬುಟ್ಟಿಯನ್ನು ಅವನತ್ತ ಸರಿಸಿ, “ಒಂದೊಂದ ನನ್ನ ಕೈಯಾಗ ಕೊಡೋ ತಮ್ಮಾ, ಅಜ್ಜಗ ನೂಲು ತಡಾ ಆಗತೈತಿ” ಎಂದಳು, ಅಷ್ಟೆ.

ಹುಡುಗ ಬಿಕ್ಕುತ್ತಲೇ ಒಂದನ್ನು ಕೊಟ್ಟನು. ಎರಡನೆಯದು ಕೊಡುವ ಮುನ್ನ ರೈಲಾಯಿತು; ಮೂರನೆಯದು ಎತ್ತಾಯಿತು. ಮಗ್ಗದ ಮೇಲೆ ಮೂಡುತ್ತಿರುವುದು ‘ಆನೆ ಹೆಜ್ಜೆ’ ಎಂದು ಅಜ್ಜ ಹೇಳಿದ್ದೇ ತಡ, ಹೆಜ್ಜೆಯಿಟ್ಟ ಆನೆ ಎಲ್ಲಿ ಹೋಯಿತೆಂದು ಮಗ್ಗದ ಹಿಂದೆಲ್ಲ ಹುಡುಕಾಟ ಆರಂಭವಾಯಿತು. ದೀಪ ಹಚ್ಚುವ ಹೊತ್ತಿಗೆ ಅವನೇ ಬಂದು, “ಅಮ್ಮಾ, ಹಸಿವು” ಎಂದನು. ಆ ಮಾತನ್ನು ತಾಯಿ ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ತಾಯಿಗೆ ಇದು ತಿಳಿಯದ ಸಂಗತಿಯಲ್ಲ. ಉಳಿದ ಗಂಟೆಗಳನ್ನು ಕಳೆಯುವ ಬಗೆಯೇ ತೊಡಕು. ಈ ಸೀಮೆಯ ಪಂಚಾಂಗವಾದರೂ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಪಂಚಮಿಗೆ ಜೋಕಾಲಿ ಎಂದು ಮಕ್ಕಳ ಪಾಲನ್ನು ತೆಗೆದಿರಿಸಿದೆ. ಉಳಿದ ದಿನಗಳಿಗೆ ದೊಡ್ಡವರ ಕೆಲಸದಿಂದ ಉದುರಿದ ಚೂರುಪಾರುಗಳೇ ಆಟಿಕೆ. ಬೆಂಗಳೂರಿನ ಮನೆಯಲ್ಲಾದರೋ ಗಂಡಹೆಂಡಿರಿಬ್ಬರ ದುಡಿಮೆಯೂ ಪರದೆಯೊಳಗೇ. ಅದರಿಂದ ಉದುರಿ ಮಗುವಿನ ಕೈಗೆ ಸಿಕ್ಕುವಂಥದು ಏನೂ ಇಲ್ಲ.

ಮೂರನೆಯ ದಿನ ಹುಡುಗ ರಾಟಿಯ ಹಿಡಿಕೆಗೆ ಕೈ ಹಾಕಿದನು. ಅಜ್ಜ ಹಿಗ್ಗಿ, “ಕೈ ಚಲೋ ಐತಿ ನೋಡ ಇವಂದು!” ಎಂದನು. ತಾಯಿ ಸರಕ್ಕನೆ ಮಗನನ್ನು ಎತ್ತಿಕೊಂಡಳು. ಅವಳ ಆಟವೂ ಇದೇ ಬುಟ್ಟಿಯಿಂದ ಮೊದಲಾಗಿತ್ತು. ಅದು ಆಟವಾಗಿ ಉಳಿಯದೆ ಕೆಲಸವಾದದ್ದು ಯಾವ ದಿನವೆಂದು ಯಾರೂ ಗುರುತಿಟ್ಟಿರಲಿಲ್ಲ. ಅವಳು ಶಾಲೆಗೆ ಹೋಗುವ ಮುನ್ನ ಕಂಡಿಕೆ ಸುತ್ತಿಟ್ಟೇ ಹೊರಡಬೇಕಾಗಿತ್ತು. ಅಕ್ಕನಿಗಂತೂ ನಾಲ್ಕನೆಯ ಇಯತ್ತೆಯ ಆಚೆಗೆ ಶಾಲೆಯೇ ಇರಲಿಲ್ಲ. ತಂಗಿಯ ಓದಿಗೆ ಅವಳು ಸುತ್ತಿದ ನೂಲೂ ಆಧಾರವಾಯಿತು. ಅಜ್ಜ ಮಗಳ ಮುಖ ನೋಡಿದನು. ಏನೋ ಹೇಳಹೊರಟು ಲಾಳಿಯತ್ತ ತಿರುಗಿದನು.

ಹೊರಡುವ ಬೆಳಿಗ್ಗೆ ಅಜ್ಜಿ ರೊಟ್ಟಿಯ ಗಂಟಿನ ಪಕ್ಕದಲ್ಲಿ ಹತ್ತು ಖಾಲಿ ಕಂಡಿಕೆಗಳನ್ನು ಕಟ್ಟಿ ಇಟ್ಟಿದ್ದಳು. ಮಗಳು ಅವನ್ನು ಚೀಲದಿಂದ ತೆಗೆದು ಕಿಟಕಿಯಲ್ಲಿಟ್ಟಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಹೊಸ್ತಿಲು ದಾಟಿದವಳು ಮರಳಿ ಬಂದು, ಅವನ್ನೆತ್ತಿ ಮಗನ ಅಂಗಿಯ ನಡುವೆ ತುರುಕಿದಳು.