‘ಡೆಲಿವರ್ಡ್’ ಎಂದರೆ ತಲುಪಿತು ಎಂದರ್ಥವೇ?

ನಮ್ಮ ಕಾಲೇಜಿನಲ್ಲಿ ಒಮ್ಮೆಯಾದರೂ ಆನ್‌ಲೈನ್‌ನಲ್ಲಿ ಏನನ್ನಾದರೂ ತರಿಸದವರು ಸಿಗುವುದು ಕಷ್ಟ. ಶೂ, ಬ್ಯಾಗು, ಸಿಇಟಿ ಪುಸ್ತಕ, ಇಯರ್‌ಫೋನ್ ಹೀಗೆ ಬಂದದ್ದನ್ನೆಲ್ಲ ಗೆಳತಿಯರಿಗೆ ತೋರಿಸುತ್ತೇವೆ. ಆದರೆ ದುಡ್ಡು ಕಟ್ಟಿಯೂ ಬಾರದೇ ಹೋದ ವಸ್ತುವಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡು ದಿನ ಬೈದು, ‘ಹೋಗಲಿ ಬಿಡು’ ಎಂದು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲಿ ಹಾಗೆ ಬಿಡುವ ಸ್ಥಿತಿ ಇರಲಿಲ್ಲ. ಅದಕ್ಕೇ ಈ ಬರಹ.

ನಾವು ಗುಬ್ಬಿಯವರು. ಅಮ್ಮಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬುರ್ಖಾ, ಚೂಡಿದಾರ್, ಎದುರುಮನೆ ಅಕ್ಕಂದಿರ ರವಿಕೆ, ಶಾಲಾ ಮಕ್ಕಳ ಯೂನಿಫಾರ್ಮ್ ಎಲ್ಲವೂ ಅವರ ಒಂದೇ ಮಷೀನಿನ ಮೇಲೆ ಆಗಬೇಕು. ಬಟ್ಟೆಯ ಅಂಚಿನ ನೂಲು ಬಿಚ್ಚಿಕೊಳ್ಳದ ಹಾಗೆ ಹೊಲಿಯುವುದಕ್ಕೆ ಓವರ್‌ಲಾಕ್ ಮಷೀನ್ ಬೇಕು. ಅದು ನಮ್ಮಲ್ಲಿ ಇರಲಿಲ್ಲ. ಹೊಲಿದ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಬೇರೆ ಅಂಗಡಿಗೆ ಒಯ್ದು, ಒಂದೊಂದಕ್ಕೂ ದುಡ್ಡು ಕೊಟ್ಟು, ಮತ್ತೆ ವಾಪಸ್ ತರಬೇಕಿತ್ತು. ಹೀಗಾಗಿ ಅಮ್ಮಿ ಒಂದೂವರೆ ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದರು. 2025ರ ಜನವರಿ 27ರಂದು ₹8,990 ಕೊಟ್ಟು ಓವರ್‌ಲಾಕ್ ಮಷೀನ್ ಬುಕ್ ಮಾಡಿದೆವು. ಆ ವಸ್ತುವಿಗೆ ‘ಬಂದ ಮೇಲೆ ಹಣ’ ಎಂಬ ಆಯ್ಕೆ ಇರಲಿಲ್ಲ. ಅಮ್ಮಿಯ ಖಾತೆಯಿಂದಲೇ ಪೂರ್ತಿ ಹಣ ಹೋಯಿತು. ಫೆಬ್ರುವರಿ 3ರೊಳಗೆ ತಲುಪಿಸುತ್ತೇವೆ ಎಂದು ಬರೆದಿತ್ತು.

ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ ಈದ್ ಮಾರ್ಚ್ 31ಕ್ಕೆ ಬಂದಿತ್ತು. ಹೊಲಿಗೆಯವರಿಗೆ ಇದರ ಅರ್ಥ ಗೊತ್ತು. ಎರಡು ಹಬ್ಬದ ಬಟ್ಟೆ ಒಂದೇ ವಾರಕ್ಕೆ ಸಿದ್ಧವಾಗಬೇಕು. ಮಷೀನ್ ಬರುತ್ತದೆ ಎಂಬ ಭರವಸೆಯ ಮೇಲೆ ಅಮ್ಮಿ ಎಂದಿಗಿಂತ ಹೆಚ್ಚು ಬಟ್ಟೆ ಒಪ್ಪಿಕೊಂಡರು.

ಫೆಬ್ರುವರಿ 1ರಂದು ಪಾರ್ಸೆಲ್ ತುಮಕೂರಿಗೆ ಬಂದಿದೆ ಎಂದು ಫೋನಿನಲ್ಲಿ ತೋರಿಸಿತು. 3ರಂದು ‘ಇಂದು ತಲುಪಲಿದೆ’ ಎಂದಿತು. ಅಮ್ಮಿ ಅಂದು ತರಕಾರಿ ತರಲೂ ಹೊರಗೆ ಹೋಗಲಿಲ್ಲ. ಯಾರೂ ಬರಲಿಲ್ಲ. 4ರಂದು ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಸಂದೇಶ ಬಂತು. ಅದನ್ನು ಓದಿ ಹೇಳಿದಾಗ ಅಮ್ಮಿ ಮಷೀನಿನ ಪೆಡಲ್ ನಿಲ್ಲಿಸಿ, “ನಾನು ಮನೆಯಲ್ಲಿರಲಿಲ್ಲವಾ? ಹಾಗಾದರೆ ಇಲ್ಲಿ ಕೂತಿದ್ದವರು ಯಾರು ಬೇಟಿ?” ಅಂದರು.

6ರಂದು ಇನ್ನೊಂದು ವಿಚಿತ್ರ. ಪಾರ್ಸೆಲ್ ಕುಣಿಗಲ್‌ನಲ್ಲಿದೆ ಎಂದು ತೋರಿಸಿತು. ಗುಬ್ಬಿ ತುಮಕೂರಿನಿಂದ ಪಶ್ಚಿಮಕ್ಕೆ, ಕುಣಿಗಲ್ ದಕ್ಷಿಣಕ್ಕೆ. ಜಿಲ್ಲೆ ಒಂದೇ ಆದರೂ ದಾರಿ ಬೇರೆ. ನಮ್ಮ ಪಿನ್‌ಕೋಡ್ 572216, ಕುಣಿಗಲ್‌ದು 572130. ವಿಳಾಸದಲ್ಲಿ ಪಿನ್‌ಕೋಡ್ ಸರಿಯಾಗಿಯೇ ಇತ್ತು, ಬೀದಿ ಇತ್ತು, ‘ಮಸೀದಿಯ ಹಿಂದೆ’ ಎಂಬ ಗುರುತೂ ಇತ್ತು. ಅಂಚೆಯಣ್ಣ ಅದೇ ವಿಳಾಸಕ್ಕೆ ಇಷ್ಟು ವರ್ಷ ಕಾಗದ ತಂದುಕೊಟ್ಟಿದ್ದಾರೆ. ಎಲ್ಲೋ ಒಂದು ಕಡೆ ಡಬ್ಬ ತಪ್ಪು ಗಾಡಿ ಹತ್ತಿತ್ತು.

ನನ್ನ ಆಪಾಳನ್ನು ಕುಣಿಗಲ್‌ಗೇ ಕೊಟ್ಟಿರುವುದು. ಹಾಗಾಗಿ ದುಲ್ಹಾಭಾಯ್‌ಗೆ ಫೋನ್ ಮಾಡಿದೆವು. ಅವರು ಶುಕ್ರವಾರ ಜುಮ್ಮಾ ಮುಗಿಸಿ ಬೈಕಿನಲ್ಲಿ ಕೊರಿಯರ್ ಕೇಂದ್ರ ಹುಡುಕಿಕೊಂಡು ಹೋದರು. ಅಲ್ಲಿದ್ದ ಹುಡುಗ ರಿಜಿಸ್ಟರ್ ನೋಡಿ, “ಬೆಳಗ್ಗೆ ತುಮಕೂರು ಗಾಡಿಗೆ ವಾಪಸ್ ಹಾಕಿದ್ವಿ ಭಾಯ್” ಎಂದನಂತೆ. ಮಾರನೇ ದಿನ, ಫೆಬ್ರುವರಿ 8ರ ಸಂಜೆ, ಫೋನಿಗೆ ಒಂದೇ ಪದ ಬಂತು: ‘ಡೆಲಿವರ್ಡ್’. ಮನೆಗೆ ಮಾತ್ರ ಏನೂ ಬಂದಿರಲಿಲ್ಲ.

ತುಮಕೂರಿನಲ್ಲಿ ಬಟವಾಡಿ ಎಂಬ ಜಾಗವಿದೆ. ಅಂಚೆಯವರ ಭಾಷೆಯಲ್ಲಿ ಬಟವಾಡೆ ಎಂದರೆ ತಲುಪಿಸುವುದು. “ನಿಮ್ಮ ಮಷೀನ್ ಬಟವಾಡಿಯಲ್ಲೇ ಬಟವಾಡೆ ಆಗಿರಬೇಕು” ಎಂದು ಗೆಳತಿಯರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದರೆ ಅಮ್ಮಿ ಅರ್ಧ ಹೊಲಿದ ಬಟ್ಟೆಗಳ ರಾಶಿಯ ಮುಂದೆ ಕೂತಿರುತ್ತಿದ್ದರು.

ಮುಂದಿನ ಹನ್ನೆರಡು ದಿನ ಕಂಪನಿಯ ಚಾಟ್‌ನಲ್ಲಿ ಕಳೆಯಿತು. ಮೊದಲು ಯಂತ್ರ ಉತ್ತರ ಕೊಡುತ್ತದೆ, ಬಹಳ ಕಾಡಿದ ಮೇಲೆ ಮನುಷ್ಯರು ಬರುತ್ತಾರೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕು. ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಎಂಬ ವಾಕ್ಯ ಮಾತ್ರ ಬದಲಾಗುವುದಿಲ್ಲ. ಫೆಬ್ರುವರಿ 20ರಂದು, ‘ನಮ್ಮ ದಾಖಲೆಯ ಪ್ರಕಾರ ವಸ್ತು ತಲುಪಿದೆ, ದೂರು ಮುಕ್ತಾಯ’ ಎಂದು ಬರೆದು ಮುಗಿಸಿಬಿಟ್ಟರು. ಅಬ್ಬಾ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಮಂಡಿಯಲ್ಲಿ ಒಂದು ಚೀಲ ಕಡಿಮೆ ಬಂದರೆ ಸಂಜೆಯೊಳಗೆ ಯಾರು, ಎಲ್ಲಿ, ಏನು ಅಂತ ತಿಳಿಯುತ್ತೆ. ಇಲ್ಲಿ ಎದುರಿಗೆ ನಿಂತು ಕೇಳೋಕೆ ಒಂದು ಮುಖವೇ ಇಲ್ಲವಲ್ಲ.”

ಆ ಮುಖ ಎಲ್ಲಿದೆ ಎಂದು ತೋರಿಸಿದವರು ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರು. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಅಧ್ಯಾಯ ಇದೆ. ಆರು ಹಕ್ಕುಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡು ಮರೆತುಬಿಡುವ ಪಾಠ ಅದು. ನಾನು ಆಗ ಪ್ರಥಮ ಪಿಯುಸಿ. ಸರ್ ಸ್ಟಾಫ್ ರೂಮಿನಲ್ಲಿ ಕೂರಿಸಿ ಬಿಡಿಸಿ ಹೇಳಿದರು. 1986ರ ಹಳೆಯ ಕಾಯಿದೆಯ ಜಾಗಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿದೆ. 2020ರ ಜುಲೈನಿಂದ ಅದು ಜಾರಿಯಲ್ಲಿದೆ. ಅದೇ ತಿಂಗಳು ಇ-ಕಾಮರ್ಸ್ ನಿಯಮಗಳೂ ಬಂದವು. ಅವುಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕು. ದೂರು ತಲುಪಿದೆ ಎಂದು ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಚಾಟ್‌ನಲ್ಲಿ ಬರುವವರು ಬೇರೆ, ಈ ಅಧಿಕಾರಿ ಬೇರೆ.

ನನಗೊಂದು ಅನುಮಾನವಿತ್ತು. ಅಮ್ಮಿ ಮಷೀನ್ ತರಿಸಿದ್ದು ದುಡಿಮೆಗೆ. ವ್ಯಾಪಾರಕ್ಕೆ ಕೊಂಡರೆ ‘ಗ್ರಾಹಕ’ ಆಗುವುದಿಲ್ಲ ಎಂದು ಎಲ್ಲೋ ಓದಿದ್ದೆ. ಸರ್ ಕಾಯಿದೆಯ ವಿವರಣೆ ತೋರಿಸಿದರು: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ. ಅಂದರೆ ಕಾರ್ಖಾನೆಯ ಮಾಲೀಕರು ನೂರು ಮಷೀನ್ ಕೊಳ್ಳುವುದು ಬೇರೆ, ಅಮ್ಮಿ ಒಂದು ಕೊಳ್ಳುವುದು ಬೇರೆ. ಕಾನೂನು ಬರೆದವರು ನಮ್ಮಂಥ ಮನೆಗಳನ್ನೂ ನೆನೆದಿದ್ದಾರೆ ಎಂದು ಅಂದು ಬಹಳ ಸಮಾಧಾನವಾಯಿತು.

ಫೆಬ್ರುವರಿ 24ರಂದು ಎರಡು ಕೆಲಸ ಮಾಡಿದೆವು. ಕುಂದುಕೊರತೆ ಅಧಿಕಾರಿಗೆ ಅಮ್ಮಿಯ ಹೆಸರಿನಲ್ಲಿ ಇ-ಮೇಲ್ ಬರೆದೆ. ಬೈಗುಳವಿಲ್ಲ, ಕಣ್ಣೀರಿಲ್ಲ, ದಿನಾಂಕ, ಆರ್ಡರ್ ಸಂಖ್ಯೆ, ಹಣ ಕೊಟ್ಟ ದಾಖಲೆ, ಪ್ರತಿದಿನದ ಸ್ಕ್ರೀನ್‌ಶಾಟ್ ಮತ್ತು ಕೊನೆಯಲ್ಲಿ ಒಂದೇ ಪ್ರಶ್ನೆ: ‘ಯಾರಿಗೆ, ಎಲ್ಲಿ ತಲುಪಿಸಿದ್ದೀರಿ? ಪುರಾವೆ ಕೊಡಿ.’ ಎರಡನೆಯದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಮ್ಮಿಯೇ ಮಾತಾಡಿದರು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ. ಇಂಗ್ಲಿಷ್ ಚಾಟ್‌ನಲ್ಲಿ ಇಷ್ಟು ದಿನ ಮೂಕಿಯಾಗಿದ್ದವರು ಆ ದಿನ ಹತ್ತು ನಿಮಿಷ ಗಟ್ಟಿಯಾಗಿ ಮಾತಾಡಿದರು. ದೂರಿಗೆ ಒಂದು ಸಂಖ್ಯೆ ಸಿಕ್ಕಿತು.

ಮಾರನೇ ದಿನವೇ ಅಧಿಕಾರಿಯ ಉತ್ತರ ಬಂತು. ಒಂದು ವಾರದ ಮೇಲೆ ಪುರಾವೆಯೆಂದು ಒಂದು ಫೋಟೋ ಕಳಿಸಿದರು. ನೀಲಿ ಶಟರ್ ಮುಂದೆ ಇಟ್ಟ ಡಬ್ಬ. ನಮ್ಮ ಮನೆಗೆ ಶಟರ್ ಇಲ್ಲ, ಮರದ ಬಾಗಿಲು. ಬಾಗಿಲಿನ ಫೋಟೋ ತೆಗೆದು ವಾಪಸ್ ಕಳಿಸಿದೆವು. ಮಾರ್ಚ್ 13ರಂದು ₹8,990 ಅಮ್ಮಿಯ ಖಾತೆಗೆ ಮರಳಿತು. ಒಂದು ತಿಂಗಳು ತುಂಬುವ ಮೊದಲೇ ದೂರು ಬಗೆಹರಿಯಿತು. ಆದರೆ ಮಷೀನ್ ಬರಲಿಲ್ಲ, ಕಳೆದ ದಿನಗಳೂ ಬರಲಿಲ್ಲ.

ರಂಜಾನ್ ಮಾರ್ಚ್ 2ರಂದೇ ಶುರುವಾಗಿತ್ತು. ಬಟ್ಟೆ ವಾಪಸ್ ಕೊಟ್ಟುಬಿಡಿ ಎಂದು ನಾನೇ ಹೇಳಿದೆ. ಅಮ್ಮಿ ಒಪ್ಪಲಿಲ್ಲ. “ಮುಂಗಡ ತೊಗೊಂಡಿದ್ದೀನಿ, ದಿನ ಹೇಳಿದ್ದೀನಿ” ಅಂದರು. ಸಾಧ್ಯವಾದಷ್ಟು ಬಟ್ಟೆಯನ್ನು ಮೊದಲಿನಂತೆ ಅಂಗಡಿಗೆ ಕಳಿಸಿದರು. ಅಲ್ಲಿಯೂ ಸಾಲು ಹೆಚ್ಚಾದಾಗ ತರಾವೀಹ್ ನಮಾಜ್ ಮುಗಿಸಿ, ರಾತ್ರಿ ಕೂತು ಅಂಚುಗಳನ್ನು ಕೈಯಲ್ಲೇ ಹೊಲಿದರು. ಗುಂಡಿ ಹಾಕುವ ಕೆಲಸ ನನ್ನದು. ಮಾರ್ಚ್ 29ರ ಸಂಜೆಗೆ ರವಿಕೆಗಳು ಯುಗಾದಿಯ ಮನೆಗಳಿಗೆ ಹೋದವು, 30ರ ರಾತ್ರಿಗೆ ಈದ್ ಬಟ್ಟೆಗಳು ಮುಗಿದವು. ಒಂದೂ ತಪ್ಪಲಿಲ್ಲ. ಗೋದಾಮು, ಗಾಡಿ, ಕಂಪ್ಯೂಟರ್ ಎಲ್ಲ ಇದ್ದವರು ಕೊಟ್ಟ ದಿನಾಂಕ ಉಳಿಸಿಕೊಳ್ಳಲಿಲ್ಲ. ಒಂದು ಸೂಜಿ ಇದ್ದವರು ಉಳಿಸಿಕೊಂಡರು. ಆ ತಿಂಗಳ ಲಾಭದಲ್ಲಿ ಹೆಚ್ಚಿನ ಪಾಲು ಓವರ್‌ಲಾಕ್ ಅಂಗಡಿಗೆ ಹೋಯಿತು ಎಂಬುದು ಮಾತ್ರ ಯಾವ ರೀಫಂಡ್‌ನಲ್ಲೂ ಬರದ ಲೆಕ್ಕ.

ಮುಂಗಡ ಹಣ ಪಡೆದು ವಸ್ತುವನ್ನು ಆಮೇಲೆ ಕೊಡುವ ವ್ಯಾಪಾರ ಹೊಸದೇನಲ್ಲ. ಇಸ್ಲಾಮಿನ ವ್ಯವಹಾರ ನಿಯಮಗಳಲ್ಲಿ ಅದಕ್ಕೆ ‘ಸಲಮ್’ ಎಂಬ ಹೆಸರಿದೆ. ಪ್ರವಾದಿಯವರು (ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನ ಖರ್ಜೂರಕ್ಕೆ ವರ್ಷಗಳ ಮುಂಚೆಯೇ ಹಣ ಕೊಡುತ್ತಿದ್ದರು. ಅದನ್ನು ಅವರು ನಿಲ್ಲಿಸಲಿಲ್ಲ. ಅಳತೆ, ತೂಕ ಮತ್ತು ಕೊಡುವ ಅವಧಿ ಮೊದಲೇ ಸ್ಪಷ್ಟವಾಗಿರಬೇಕು ಎಂದು ವಿಧಿಸಿದರು. ಏಕೆಂದರೆ ಹಣ ಕೊಟ್ಟಾದ ಮೇಲೆ ಕೊಳ್ಳುವವನ ಕೈ ಖಾಲಿ. ಅವನಿಗಿರುವ ಆಧಾರ ಆ ಮಾತು ಒಂದೇ. ಕುರ್‌ಆನ್‌ನ ಅತಿ ಉದ್ದದ ಆಯತ್ ಸೂರಃ ಅಲ್-ಬಖರಾದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿ ಇಟ್ಟುಕೊಳ್ಳುವ ಬಗ್ಗೆ ಇದೆ. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಒಂದು ಸೂರಃ ಇದೆ, 83ನೆಯದು. ನಾನು ಸ್ಕ್ರೀನ್‌ಶಾಟ್‌ಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾಗ ಅಬ್ಬಾ, “ಬರೆದಿಡು ಅಂತ ಹೇಳಿದ್ದು ಇದಕ್ಕೇ” ಅಂದರು.

ಈ ಕಥೆ ಕೇಳಿದ ಕೆಲವರು ಡೆಲಿವರಿ ಹುಡುಗರನ್ನು ಬೈಯುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ. ನಮ್ಮ ಬೀದಿಯಲ್ಲೇ ಇಬ್ಬರು ಅಣ್ಣಂದಿರು ಆ ಕೆಲಸ ಮಾಡುತ್ತಾರೆ. ಅವರಿಗೆ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು, ಪೆಟ್ರೋಲ್ ಅವರದೇ. ತಪ್ಪು ಗಾಡಿಗೆ ಡಬ್ಬ ಹಾಕುವ ವ್ಯವಸ್ಥೆಯನ್ನು ಅವರು ಮಾಡಿದ್ದಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯಿದೆಯನ್ನೇ ತಂದಿದೆ. ಪ್ರಶ್ನೆ ಕೇಳಬೇಕಾದದ್ದು ಹಣ ಪಡೆದ ಸಂಸ್ಥೆಯನ್ನು.

ಹಣ ಮರಳದಿದ್ದರೆ ನಾವು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುವವರಿದ್ದೆವು. ಅದು ತುಮಕೂರಿನಲ್ಲೇ ಇದೆ. ಕಂಪನಿಯ ಮುಖ್ಯ ಕಚೇರಿ ಎಲ್ಲೇ ಇರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದ ಕಾಲಾವಕಾಶವಿದೆ. ಹೀಗೆ ಹೋದವರು ಗೆದ್ದೂ ಇದ್ದಾರೆ. 2022ರ ಜನವರಿ 15ರಂದು ಬೆಂಗಳೂರಿನ ಒಬ್ಬ ಮಹಿಳೆ ಫ್ಲಿಪ್‌ಕಾರ್ಟ್‌ನಲ್ಲಿ ₹12,499 ಕೊಟ್ಟು ಮೊಬೈಲ್ ಬುಕ್ ಮಾಡಿದ್ದರು. ಮಾರನೇ ದಿನ ಬರಬೇಕಿದ್ದ ಫೋನು ಬರಲೇ ಇಲ್ಲ. ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗ ಆ ಹಣವನ್ನು ವಾರ್ಷಿಕ ಶೇ. 12ರ ಬಡ್ಡಿಯೊಂದಿಗೆ ಮರಳಿಸಿ, ಜೊತೆಗೆ ₹20,000 ದಂಡ ಮತ್ತು ₹10,000 ಖರ್ಚು ಕೊಡಬೇಕು ಎಂದು ಆದೇಶಿಸಿತು. ಒಂದು ಫೋನಿಗಾಗಿ ಇಷ್ಟೆಲ್ಲ ಯಾಕೆ ಎಂದು ಆಕೆ ಸುಮ್ಮನಿದ್ದಿದ್ದರೆ ಆ ಆದೇಶ ಬರುತ್ತಿರಲಿಲ್ಲ.

ಗೆಳೆಯರೇ, ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು, ಇ-ಮೇಲ್ ಬರೆಯಬಲ್ಲವರು ನಾವೇ ಮೊದಲು. ಅಪ್ಪ ಅಮ್ಮ ದುಡಿದ ಹಣ ಹೀಗೆ ನಡುದಾರಿಯಲ್ಲಿ ನಿಂತರೆ ಅದನ್ನು ಕೇಳುವ ಕೆಲಸ ನಮ್ಮದು. ಆರ್ಡರ್ ಮಾಡಿದ ದಿನದಿಂದ ಪ್ರತಿ ಸಂದೇಶ ಉಳಿಸಿಕೊಳ್ಳಿ. ಒಟಿಪಿಯನ್ನು ವಸ್ತು ಕೈಗೆ ಬಂದ ಮೇಲೆಯೇ ಹೇಳಿ. ಚಾಟ್‌ನಲ್ಲಿ ದೂರು ಮುಚ್ಚಿದರೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 1915 ನೆನಪಿಡಿ. ನಮ್ಮ ಕಾಲೇಜಿನಲ್ಲಿ ಒಂದು ಗ್ರಾಹಕ ಸಂಘ ಆರಂಭವಾಗಿ, ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ನಾವು ವಾರಕ್ಕೊಂದು ದಿನ ನೆರೆಹೊರೆಯವರ ದೂರು ಬರೆದುಕೊಟ್ಟರೆ ಎಷ್ಟು ಚೆನ್ನ ಎಂದು ಪ್ರಾಂಶುಪಾಲರಲ್ಲಿ ಈ ಮೂಲಕ ವಿನಂತಿಸುತ್ತೇನೆ.

ಅಮ್ಮಿ ಈದ್ ಮುಗಿದ ಮೇಲೆ ತುಮಕೂರಿನ ಒಂದು ಅಂಗಡಿಗೆ ಹೋಗಿ, ಓಡಿಸಿ ನೋಡಿ, ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಓವರ್‌ಲಾಕ್ ಮಷೀನ್ ತಂದರು. ಬಸ್ಸಿನ ಹಿಂಭಾಗದಲ್ಲಿ ಅದನ್ನು ಹಿಡಿದುಕೊಂಡು ಕೂತು ಬಂದರು. ಅದರ ರಸೀದಿ ಈಗ ರೇಷನ್ ಕಾರ್ಡಿನ ಜೊತೆ ಭದ್ರವಾಗಿದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ