ಅಣಬೆಗೊಂದು ಚೀಟಿ

ಒಣಗಿದ ಅಣಬೆ ಕಣ್ಣಿಗೆ ಚೆಂದವಲ್ಲ, ಹಳೆಯ ಚಪ್ಪಲಿಯ ತುಂಡಿನ ಹಾಗಿರುತ್ತದೆ. ಅಂಥ ಒಂದೂವರೆ ಶತಮಾನದ ಹಿಂದಿನ ತುಂಡುಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಚಿನ್ನದಂತೆ ಜೋಪಾನ ಮಾಡುತ್ತಾರೆ.

ಸಿಲೋನಿನ ಪೆರಾದೆನಿಯ ತೋಟದ ಮುಖ್ಯಸ್ಥ ಥ್ವೈಟ್ಸ್ ಅಲ್ಲಿನ ಅಣಬೆಗಳನ್ನು ಒಣಗಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದ. ಅವುಗಳಲ್ಲೊಂದು ಬಾಣಲೆಯಷ್ಟಗಲ ಬೆಳೆಯುವ ಬೊಲೀಟ್. ಬೊಲೀಟ್ ಅಂದರೆ ಕೊಡೆಯ ಅಡಿಗೆ ಪದರಗಳ ಬದಲು ಸ್ಪಂಜಿನಂತೆ ತೂತುಗಳಿರುವ ದಪ್ಪ ಅಣಬೆ. ಬರ್ಕ್ಲಿ ಎಂಬ ಪಾದ್ರಿಯೂ ಬ್ರೂಮ್ ಎಂಬವನೂ ಸೇರಿ 1873ರಲ್ಲಿ ಅದಕ್ಕೆ ಬೊಲೀಟಸ್ ಪೋರ್ಟೆಂಟೋಸಸ್ ಎಂದು ಹೆಸರಿಟ್ಟರು. ಈಗ ಅದು ಫ್ಲೆಬೋಪಸ್ ಪೋರ್ಟೆಂಟೋಸಸ್. ಬರ್ಕ್ಲಿ 1879ರಲ್ಲಿ ತನ್ನ ಸಂಗ್ರಹವನ್ನು ಕ್ಯೂಗೆ ಕೊಟ್ಟ. ಅಣಬೆಯ ಹೆಸರಿನ ಹಿಂದೆ ಇಂದಿಗೂ ಈ ಇಬ್ಬರ ಹೆಸರಿದೆ. ಕಾಡಿನಿಂದ ಹೊತ್ತು ತಂದವನದು ಇಲ್ಲ.

ಒಣಗಿತೆಂದರೆ ಬಣ್ಣ, ವಾಸನೆ ಎಲ್ಲ ಹೋಯಿತು. ಬೊಲೀಟುಗಳಲ್ಲಿ ಹಲವನ್ನು ಮುರಿದರೆ ತಿರುಳು ನೋಡನೋಡುತ್ತ ನೀಲಿಯಾಗುತ್ತದೆ. ಆ ಚಮತ್ಕಾರವೂ ಹೋಯಿತು. ಉಳಿಯುವುದು ಸೂಕ್ಷ್ಮದರ್ಶಕಕ್ಕೆ ಕಾಣುವ ಬೀಜಕಣ, ಮತ್ತೆ ಜೊತೆಗಿರುವ ಚೀಟಿ. ಯಾವ ಊರು, ಯಾವ ತಾರೀಖು, ಯಾವ ಮರದ ಬುಡ. ಆ ಚೀಟಿ ಕಳೆದರೆ ಉಳಿದದ್ದು ಬರೀ ಚಪ್ಪಲಿಯ ತುಂಡೇ ಸೈ.

ಒಣಗುವಾಗ ಹೋಗುವುದನ್ನೆಲ್ಲ ಬಲ್ಲವರು ನಮ್ಮಲ್ಲಿದ್ದಾರೆ. ಅಂಕೋಲೆಯ ಪೇಟೆಗೆ ಮಳೆಗಾಲದಲ್ಲಿ ಹುತ್ತದ ಅಣಬೆ ತರುವ ಹಾಲಕ್ಕಿ ಅಜ್ಜಿಯೊಬ್ಬಳು, ನಾನು ಒಯ್ದ ತೂತಿನ ಅಣಬೆಯನ್ನು ಮುರಿದು, ನೀಲಿಯಾಗುವುದನ್ನು ತೋರಿಸಿ, ಆಚೆ ಎಸೆದಳು. ಸಿಲೋನಿನ ಆ ದೊಡ್ಡ ಜಾತಿಯನ್ನು ಥಾಯ್ಲೆಂಡಿನವರು ಬೆಳೆಸಿ ತಿನ್ನುತ್ತಾರೆ ಎಂದೆ. "ಅವರ ಹೊಟ್ಟೆ ಅವರದು, ಅಕ್ಕೋರೇ" ಅಂದಳು. ನೀಲಿಯಾದದ್ದೆಲ್ಲ ವಿಷವಲ್ಲ, ನಿಜ. ಆದರೂ ಗುರುತಿಲ್ಲದ ಅಣಬೆಯ ಮಟ್ಟಿಗೆ ನಾನು ಅಜ್ಜಿಯ ಪಕ್ಷ.

ಅವಳು ಹುಟ್ಟಿದ ಊರು ಕಾರವಾರ ಮತ್ತು ಅಂಕೋಲೆಗಳ ನಡುವಿನ ನೌಕಾನೆಲೆಯೊಳಗೆ ಸೇರಿಹೋಗಿದೆ. ಅಲ್ಲಿ ಯಾವ ಬುಡದಲ್ಲಿ, ಯಾವ ಮಳೆಗೆ, ಏನು ಏಳುತ್ತಿತ್ತು ಎಂಬುದು ಈಗ ಅವಳ ತಲೆಯಲ್ಲಿ ಮಾತ್ರ. ಕಾರವಾರದಲ್ಲಿರುವ ಮೊಮ್ಮಕ್ಕಳು ಪ್ಲಾಸ್ಟಿಕ್ ಡಬ್ಬಿಯ ಬಿಳಿ ಅಣಬೆ ಕೊಳ್ಳುತ್ತಾರೆ.

ನಮ್ಮ ಶಾಲೆಯ ಮಕ್ಕಳೂ ಅಣಬೆ ಒಣಗಿಸುತ್ತಾರೆ. ಚೀಟಿಯಲ್ಲಿ ನಾನು ಒಂದು ಸಾಲು ಹೆಚ್ಚಿಗೆ ಬರೆಸುತ್ತೇನೆ: ತೋರಿಸಿದವರು ಯಾರು? ಅಜ್ಜಿಯ ಹೆಸರು ಕೇಳಲು ಹೋದ ಹುಡುಗಿಯರಿಗೆ, "ನನ್ನ ಹೆಸರು ಬೇಡ. ನಾಳೆ ಯಾರಾದ್ರೂ ತಿಂದು ಹೊಟ್ಟೆ ಕೆಟ್ರೆ ನನ್ನ ಮೇಲೆ ಬರ್ತದೆ" ಅಂದಳಂತೆ. ಅವರು ಅವಳ ಹಳೆಯ ಊರಿನ ಹೆಸರು ಕೇಳಿ, ಅದನ್ನೇ ಬರೆದುಕೊಂಡು ಬಂದರು.